ಜಿಮ್ನಿಯ ಸ್ಟೀರಿಂಗ್ ರಾಡಿಗೆ ಯಾವ ಕಾವಲು? ಮೂರನ್ನೂ ಹಾಕಿ ನೋಡಿದೆ

ಕಳೆದ ವರ್ಷ ಆರಿದ್ರಾ ಮಳೆ ಹಿಡಿದಿದ್ದ ವಾರ. ಸಕಲೇಶಪುರದ ಆಚೆ ನಮ್ಮ ತೋಟಕ್ಕೆ ಹೋಗುವ ಮಣ್ಣಿನ ದಾರಿಯಲ್ಲಿ ನನ್ನ ಮಾರುತಿ ಜಿಮ್ನಿ ಜೀಪಿನಲ್ಲಿ ಕೊನೆಯ ಏರು ಹತ್ತುತ್ತಿದ್ದೆ. ನೀರು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗಿ ದಾರಿಯ ನಡುವೆ ಒಂದು ಕಲ್ಲು ಎದ್ದು ನಿಂತಿತ್ತು. ಎರಡೂ ಬದಿಯ ಹುಲ್ಲು ಅದರ ಮೇಲೆ ಬಾಗಿದ್ದರಿಂದ ಕಾಣಲಿಲ್ಲ. ಠಣ್ ಅಂತ ಸದ್ದು ಬಂತು, ಸ್ಟೀರಿಂಗ್ ಕೈಯಲ್ಲೇ ಒದರಿತು.

ಏರು ಹತ್ತಿದ ಮೇಲೆ ಗೊತ್ತಾಯಿತು. ಗಾಡಿ ನೇರ ಹೋಗುತ್ತಿದೆ, ಸ್ಟೀರಿಂಗ್ ಮಾತ್ರ ಓರೆ. ಡಾಂಬರು ರಸ್ತೆಗೆ ಬಂದರೆ ಮುಂದಿನ ಟೈರುಗಳು ಉಜ್ಜುವ ಸದ್ದು. ಕೆಳಗೆ ಬಗ್ಗಿ ನೋಡಿದೆ. ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ನಡುವೆ ಬಿಲ್ಲಿನ ಹಾಗೆ ಬಾಗಿತ್ತು. ರಾಡ್ ಬಾಗಿದರೆ ಅದರ ಉದ್ದ ಕಡಿಮೆಯಾಗುತ್ತದೆ. ಈ ಗಾಡಿಯಲ್ಲಿ ಅದು ಆಕ್ಸಲ್‌ನ (ಚಕ್ರಗಳನ್ನು ಹೊರುವ ತೊಲೆಯ) ಮುಂದೆ ಇರುವುದರಿಂದ ಎರಡೂ ಚಕ್ರಗಳ ಮೂತಿ ಒಳಮುಖ ಆಗುತ್ತದೆ. ಹಾಗೇ ಓಡಿಸಿದರೆ ಟೈರಿನ ಹೊರ ಅಂಚು ಬೇಗ ಸವೆದುಹೋಗುತ್ತದೆ. ಹೊಸ ರಾಡ್, ಅಲೈನ್‌ಮೆಂಟ್, ಎರಡು ದಿನ ಗಾಡಿ ಇಲ್ಲ. ಆಮೇಲೆಯೇ ನಾನು ರಾಡನ್ನು ಕಲ್ಲಿನ ಏಟಿನಿಂದ ಉಳಿಸುವ ಕಾವಲು ಹುಡುಕಲು ಶುರು ಮಾಡಿದ್ದು.

ನನ್ನದು 5 ಬಾಗಿಲಿನ ಜಿಮ್ನಿ, 2023ರಲ್ಲಿ ಬಂದ ಮಾದರಿ. ನೆಲದಿಂದ ಎತ್ತರ 210 ಮಿ.ಮೀ. ಮುಂದಿನ ಆಕ್ಸಲ್ ಒಂದೇ ಗಟ್ಟಿ ತೊಲೆ, ಹಳೇ ಜಿಪ್ಸಿಯ ಹಾಗೆ. ಟೈ ರಾಡ್, ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಡ್ರ್ಯಾಗ್ ಲಿಂಕ್, ಸ್ಟೀರಿಂಗಿನ ನಡುಕ ತಡೆಯುವ ಡ್ಯಾಂಪರ್ ಮೂರೂ ಆ ತೊಲೆಯ ಮುಂದೆ, ಬಂಪರಿನ ಹಿಂದೆ ಇವೆ. ಕಲ್ಲು ಆಕ್ಸಲ್‌ನ ಗೇರುಗಳಿರುವ ಡಿಫ್‌ಗೆ (ಡಿಫರೆನ್ಷಿಯಲ್‌ಗೆ) ತಾಗುವ ಮೊದಲು ಇವುಗಳಿಗೆ ತಾಗುತ್ತದೆ. ಡಿಫ್ ಗಟ್ಟಿ ಗುಂಡು, ತಡೆದುಕೊಳ್ಳುತ್ತದೆ. ರಾಡಿಗೆ ಆ ತಾಕತ್ತಿಲ್ಲ.

ಒಂದು ವಿಷಯ ಮೊದಲೇ ಹೇಳಬೇಕು. ಮಾರಾಟಕ್ಕಿರುವ ಗಾರ್ಡುಗಳ ಚಿತ್ರ ನೋಡಿದರೆ ಎಲ್ಲರ ಕಣ್ಣೂ ದಪ್ಪದ ಮೇಲೆಯೇ ಹೋಗುತ್ತದೆ. ನನಗೂ ಹಾಗೇ ಆಯಿತು. ಆದರೆ ದಪ್ಪಕ್ಕಿಂತ ಮೊದಲು ನೋಡಬೇಕಾದ್ದು ಅದನ್ನು ಎಲ್ಲಿಗೆ ಬೋಲ್ಟ್ ಮಾಡುತ್ತಾರೆ ಅನ್ನುವುದು. ನಾನು ಹಾಕಿ ನೋಡಿದ ಎರಡು ಪ್ಲೇಟುಗಳೂ ಚೇಸಿಸ್‌ನ ಮುಂದಿನ ಅಡ್ಡಪಟ್ಟಿಗೆ ಕೂರುವಂಥವು. ಸ್ಟೀರಿಂಗ್ ರಾಡ್ ಇರುವುದು ಆಕ್ಸಲ್ ಜೊತೆ. ಚಕ್ರ ಹಳ್ಳಕ್ಕೆ ಇಳಿದಾಗ ಆಕ್ಸಲ್ ಕೆಳಗೆ ಜೋತುಬೀಳುತ್ತದೆ, ರಾಡೂ ಅದರ ಜೊತೆ ಇಳಿಯುತ್ತದೆ, ಪ್ಲೇಟ್ ಮಾತ್ರ ಮೇಲೆಯೇ ಉಳಿಯುತ್ತದೆ. ಆ ಹೊತ್ತಿನಲ್ಲಿ ರಾಡಿನ ಒಂದು ತುದಿಗೆ ಕಾವಲೇ ಇರುವುದಿಲ್ಲ. ರಾಡಿನ ಕೆಳಗೇ ಪ್ಲೇಟ್ ಹಾಸೋಣ ಅಂದರೆ, ಇಳಿಯುವಾಗ ರಾಡ್ ಬಂದು ಪ್ಲೇಟಿಗೇ ಬಡಿಯುತ್ತದೆ. ಅದಕ್ಕೇ ಇವುಗಳನ್ನು ಬಂಪರಿನ ಕೆಳಗಿಂದ ಹಿಂದಕ್ಕೆ ಇಳಿಜಾರಾಗಿ ತಂದು ರಾಡಿನ ಮುಂದೆಯೇ ನಿಲ್ಲಿಸಿರುತ್ತಾರೆ.

ಮೊದಲು ಹಾಕಿದ್ದು ಊರಿನ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ 3 ಮಿ.ಮೀ. ಸ್ಟೀಲ್ ಪ್ಲೇಟ್. ಅಗಲ 60 ಸೆಂ.ಮೀ., ಉದ್ದ 35. ತೂಕ ಹತ್ತಿರ ಹತ್ತಿರ 5 ಕೆ.ಜಿ. ಸಪಾಟಾಗಿ ಕತ್ತರಿಸಿ, ಮುಂದೆ ಸ್ವಲ್ಪ ಬಾಗಿಸಿ, ನಾಲ್ಕು ಬೋಲ್ಟ್ ಹಾಕಿದ್ದೆವು. ಮೂರನೇ ವಾರ ಅದೇ ಏರಿನಲ್ಲಿ ಇನ್ನೊಂದು ಕಲ್ಲು ಸಿಕ್ಕಿತು. ರಾಡ್ ಉಳಿಯಿತು. ಆದರೆ ಪ್ಲೇಟ್ ನಡುವೆ ತಗ್ಗಿ, ಹಿಂದಿನ ಅಂಚು ಮೇಲೆದ್ದು ಡ್ಯಾಂಪರಿಗೆ ಉಜ್ಜುತ್ತಿತ್ತು. ತಿರುಗಿಸಿದಾಗೆಲ್ಲ ಕರಕರ ಸದ್ದು.

ಬಿಚ್ಚಿಕೊಂಡು ಹೋಗಿ 5 ಮಿ.ಮೀ. ದಪ್ಪದ್ದು ಮಾಡಿಕೊಡಿ ಅಂದೆ. ವೆಲ್ಡಿಂಗ್ ಮಾಡುವವರು ಒಪ್ಪಲಿಲ್ಲ. "ಬರೀ ದಪ್ಪ ಮಾಡಿದ್ರೆ ಭಾರ ಜಾಸ್ತಿ ಆಗುತ್ತೆ ಅಷ್ಟೇ ಅಣ್ಣಾ. ಅಡಿಕೆ ಹಾಳೆ ನೋಡಿ. ಸುಮ್ನೆ ಹಾಳೆ ಹಿಡಿದ್ರೆ ಬಾಗುತ್ತೆ. ಅದನ್ನೇ ತಟ್ಟೆ ಮಾಡಿ ಅಂಚು ಎತ್ತಿದ್ರೆ ಅನ್ನ ಸಾರು ಹಾಕಿದ್ರೂ ಬಾಗಲ್ಲ" ಅಂದರು. ಅದೇ 3 ಮಿ.ಮೀ. ತಗಡಿನಲ್ಲಿ ಎರಡೂ ಪಕ್ಕ 4 ಸೆಂ.ಮೀ. ಅಂಚು ಮಡಚಿದರು. ನಡುವೆ ಉದ್ದಕ್ಕೆ ಒಂದು ಏಣು ಕೊಟ್ಟರು. ಕೈಯಲ್ಲಿ ಹಿಡಿದು ತಿರುಚಿದರೇ ವ್ಯತ್ಯಾಸ ಗೊತ್ತಾಗುತ್ತಿತ್ತು. ಆಮೇಲೆ ಒಂದು ಮಳೆಗಾಲ, ಒಂದು ಕಾಫಿ ಕೊಯ್ಲು ಮುಗಿಯಿತು. ಅದರ ಮೇಲೆ ಎಷ್ಟೋ ಗೀರು ಬಿದ್ದಿವೆ, ಆದರೆ ಈವರೆಗೆ ರಾಡಿನ ಕಡೆಗೆ ತಗ್ಗಿಲ್ಲ.

ಸ್ಟೀಲಿನ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಕಲ್ಲಿನ ಮೇಲೆ ಜಾರುತ್ತದೆ. ಗಾಡಿ ಕಲ್ಲಿನ ಮೇಲೆ ಕೂತರೂ ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ಕಿರ್ ಅಂತ ಉಜ್ಜಿಕೊಂಡು ಮುಂದೆ ಹೋಗುತ್ತದೆ. ಎಲ್ಲಾದರೂ ತಗ್ಗಾದರೆ ಬಿಚ್ಚಿ, ಮರದ ದಿಮ್ಮಿಯ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ನೆಟ್ಟಗೆ ಮಾಡಬಹುದು. ತೊಂದರೆ ಅಂದರೆ ತುಕ್ಕು. ನಮ್ಮ ಕಡೆ ಮಳೆಯಲ್ಲಿ ಬಣ್ಣ ಗೀರಿದ ಜಾಗ ಮಾರನೇ ದಿನವೇ ಕೆಂಪಾಗಿರುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಉಜ್ಜಿ ರೆಡ್ ಆಕ್ಸೈಡ್ ಬಳಿಯಲೇಬೇಕು.

ಎರಡನೆಯದು ಅಂಗಡಿಯಿಂದ ತರಿಸಿದ 6 ಮಿ.ಮೀ. ಅಲ್ಯೂಮಿನಿಯಂ ಗಾರ್ಡ್. ಅಳತೆ ಹೆಚ್ಚುಕಮ್ಮಿ ಅಷ್ಟೇ, ತೂಕ ಮೂರೂವರೆ ಕೆ.ಜಿ. ಒಳಗೆ. ಬೆಲೆ ಮಾತ್ರ ಊರಿನ ಪ್ಲೇಟಿನ ನಾಲ್ಕು ಪಟ್ಟು. ಇದನ್ನು ನಾನು ಸುಮ್ನೆ ಹೊಗಳುತ್ತಿಲ್ಲ, ಇದು ನಿಜವಾಗಿಯೂ ಗಟ್ಟಿ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. ಒಂದೇ ದಪ್ಪದಲ್ಲಿ ಅಲ್ಯೂಮಿನಿಯಂ ಸ್ಟೀಲಿಗಿಂತ ಮೂರು ಪಟ್ಟು ಸುಲಭವಾಗಿ ಬಾಗುತ್ತದೆ. ಆದರೆ ದಪ್ಪ ಎರಡು ಪಟ್ಟಾದರೆ ಬಾಗದಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಹಾಗಾಗಿ 6 ಮಿ.ಮೀ. ಅಲ್ಯೂಮಿನಿಯಂ ಸಪಾಟು ಹಲಗೆ 3 ಮಿ.ಮೀ. ಸ್ಟೀಲಿನ ಸಪಾಟು ಹಲಗೆಗಿಂತ ಎರಡೂವರೆ ಪಟ್ಟಿಗಿಂತ ಜಾಸ್ತಿ ಬಿಗಿ. ತೂಕವೂ ಕಮ್ಮಿ. ತುಕ್ಕಿನ ಗೋಳಿಲ್ಲ.

ನಾಲ್ಕು ತಿಂಗಳು ಓಡಿಸಿದೆ. ನೇರ ಬಡಿತಕ್ಕೆ ಇದು ಚೂರೂ ಅಲುಗಲಿಲ್ಲ. ಆದರೆ ಕಲ್ಲಿನ ಮೇಲೆ ಜಾರುವ ಬದಲು ಕಚ್ಚುತ್ತದೆ. ಮೆದು ಲೋಹ, ಕಲ್ಲಿನ ಮೊನೆ ಅದರೊಳಗೆ ಇಳಿಯುತ್ತದೆ. ಒಮ್ಮೆ ಇಳಿಜಾರಿನ ಅಂಚಿನಲ್ಲಿ ಕಲ್ಲಿನ ಮೇಲೆ ಕೂತಾಗ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಜಾಕಿ ಹಾಕಿ ಎತ್ತಿ, ಚಕ್ರದ ಕೆಳಗೆ ಕಲ್ಲು ಕೊಟ್ಟು ಇಳಿಸಬೇಕಾಯಿತು. ಆಮೇಲೆ ನೋಡಿದರೆ ಪ್ಲೇಟಿನಲ್ಲಿ ನೇಗಿಲ ಗೆರೆಯಂಥ ಗೀರು, ಬೆರಳಿಟ್ಟರೆ ಉಗುರು ಇಳಿಯುವಷ್ಟು ಆಳ.

ಬೋಲ್ಟಿನ ವಿಷಯದಲ್ಲಿ ಇದು ಊರಿನದಕ್ಕಿಂತ ಚೆನ್ನಾಗಿತ್ತು. ಬೋಲ್ಟಿನ ತಲೆ ಪ್ಲೇಟಿನೊಳಗೆ ಹುದುಗಿ ಕೂರುವಂತೆ ಕುಳಿ ಮಾಡಿದ್ದರು. ನನ್ನ ಮೊದಲ ಸ್ಟೀಲ್ ಪ್ಲೇಟಿನಲ್ಲಿ ತಲೆಗಳು ಹೊರಗೇ ಇದ್ದವು, ಕಲ್ಲಿಗೆ ಸವೆದು ಸ್ಪ್ಯಾನರ್ ಹಿಡಿಯದ ಹಾಗಾಗಿ ಕೊನೆಗೆ ಗ್ರೈಂಡರ್ ಹಾಕಿ ಕತ್ತರಿಸಿದ್ದೆವು. ಎರಡನೇ ಸಲ ತಲೆಗಳ ಸುತ್ತ ದಪ್ಪ ಬಳೆ ಬೆಸುಗೆ ಹಾಕಿಸಿಕೊಂಡೆ. ಬೋಲ್ಟ್ 8.8 ಗ್ರೇಡಿನದೇ, ಅಂದರೆ ಸಾಮಾನ್ಯ ಬೋಲ್ಟಿಗಿಂತ ಗಟ್ಟಿಯಾದದ್ದೇ ಇರಲಿ. ಅಲ್ಯೂಮಿನಿಯಂ ಹಾಕಿಸುವವರು ಸ್ಟೀಲ್ ಬೋಲ್ಟ್ ಕೂರುವಲ್ಲಿ ಗ್ರೀಸ್ ಸವರಿಯೇ ಬಿಗಿಯಿರಿ. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಬಿಳಿ ಪುಡಿ ಕಟ್ಟಿಕೊಂಡು ಬೋಲ್ಟ್ ಅಂಟಿಹೋಗುತ್ತದೆ.

ಕೆಸರಿನ ಮಾತು ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಮಡಚಿದ ಸ್ಟೀಲ್ ಪ್ಲೇಟ್ ಒಂದು ಬುಟ್ಟಿಯ ಹಾಗೆ, ಕೆಸರು ತುಂಬಿಕೊಳ್ಳುತ್ತದೆ. ಮೊದಲ ವಾರವೇ ಎರಡು ಬಾಣಲೆ ಕೆಮ್ಮಣ್ಣು ತೆಗೆದೆ. ಅದು ಒಣಗಿದರೆ ಜಂಬಿಟ್ಟಿಗೆಯಷ್ಟು ಗಟ್ಟಿ. ರಾಡಿನ ತುದಿಯಲ್ಲಿ ತಿರುಗುವ ಬಾಲ್ ಜಾಯಿಂಟಿನ ರಬ್ಬರ್ ಬೂಟಿಗೆ ಉಜ್ಜಿ ಹರಿದರೆ ಒಳಗೆ ನೀರು ಹೋಗಿ ಜಾಯಿಂಟೇ ಹಾಳು. ಮತ್ತೆ ಶಾಪಿಗೆ ಹೋಗಿ ಕೈ ಹೋಗುವಷ್ಟು ಅಗಲದ ಮೂರು ತೂತು ಮಾಡಿಸಿದೆ. ಈಗ ಪೈಪ್ ಹಿಡಿದರೆ ತೊಳೆದುಹೋಗುತ್ತದೆ. ಅಲ್ಯೂಮಿನಿಯಂ ಗಾರ್ಡಿನಲ್ಲಿ ಚಂದದ ಸಣ್ಣ ಸಣ್ಣ ಸೀಳುಗಳಿದ್ದವು. ಕಾಫಿ ಎಲೆ, ಸಿಲ್ವರ್ ಓಕ್ ಎಲೆ ಸಿಕ್ಕಿಹಾಕಿಕೊಂಡು ಅವೆಲ್ಲ ಮುಚ್ಚಿಹೋಗುತ್ತಿದ್ದವು. ಮಲೆನಾಡಿಗೆ ಆ ಸೀಳು ಸಾಲದು.

ಮೂರನೆಯದು ಪ್ಲೇಟೇ ಅಲ್ಲ. ಕಾವಲು ಹಾಕುವ ಬದಲು ರಾಡನ್ನೇ ದಪ್ಪ ಮಾಡುವುದು. ದುಂಡು ರಾಡಿನ ವ್ಯಾಸ ಕಾಲು ಭಾಗ ಹೆಚ್ಚಾದರೆ ಬಾಗುವ ಮುಂಚೆ ತಡೆಯುವ ಬಲ ಸುಮಾರು ಎರಡು ಪಟ್ಟಾಗುತ್ತದೆ. ಜಿಮ್ನಿಗೆ ಅಳತೆ ಸರಿಯಾಗಿ ಬರುವ ದಪ್ಪ ಟೈ ರಾಡ್ ತರಿಸಿ ಹಾಕಿಸಿದೆ. ಇದರ ದೊಡ್ಡ ಲಾಭ, ಆಕ್ಸಲ್ ಎಲ್ಲಿಗೆ ಇಳಿದರೂ ಇದು ಜೊತೆಗೇ ಇರುತ್ತದೆ. ನೆಲದ ಎತ್ತರ ಕಮ್ಮಿಯಾಗುವುದಿಲ್ಲ, ಕೆಸರು ತುಂಬುವುದಿಲ್ಲ. ಹಳ್ಳ ದಾಟುವಾಗ ಒಂದು ಚಕ್ರ ಜೋತುಬಿದ್ದು ರಾಡ್ ಕಲ್ಲಿಗೆ ತಾಗಿದ್ದು ಎರಡು ಸಲ. ಬಣ್ಣ ಹೋಯಿತು, ಬೇರೇನೂ ಆಗಲಿಲ್ಲ.

ಆದರೆ ಡ್ಯಾಂಪರ್, ರಬ್ಬರ್ ಬೂಟು ಎಲ್ಲ ಬಯಲಿಗೆ ಬಿದ್ದೇ ಇರುತ್ತವೆ. ಮೊದಲಾದರೆ ರಾಡ್ ಬಾಗಿ ಏಟನ್ನು ನುಂಗುತ್ತಿತ್ತು. ಈಗ ಆ ಏಟು ಬಾಲ್ ಜಾಯಿಂಟಿಗೆ, ಚಕ್ರದ ಕಡೆಯ ತೋಳಿಗೆ ಹೋಗುತ್ತದೆ. ರಾಡ್ ಬಾಗಿದರೆ ನಿಧಾನವಾಗಿ ಮನೆಗೆ ಬರಬಹುದು. ಜಾಯಿಂಟ್ ಕಳಚಿದರೆ ಗಾಡಿ ನಿಂತಲ್ಲೇ. ಹಾಗಾಗಿ ದಪ್ಪ ರಾಡ್ ಹಾಕಿದವರು ಜಾಯಿಂಟುಗಳನ್ನು ಪ್ರತಿ ಸಲ ಕೈಯಲ್ಲಿ ಅಲುಗಿಸಿ ನೋಡಬೇಕು. ದಯವಿಟ್ಟು ಇನ್ನೊಂದು ಮಾತು ಕೇಳಿ. ಬಾಗಿದ ರಾಡನ್ನು ಕಾಯಿಸಿ ನೆಟ್ಟಗೆ ಮಾಡಿಸಿ, ಪೈಪ್ ಬೆಸೆದು ದಪ್ಪ ಮಾಡಿಕೊಡುತ್ತೇವೆ ಅನ್ನುವವರಿದ್ದಾರೆ. ಪ್ಲೇಟಿನಲ್ಲಿ ಬೆಸುಗೆ ಬಿಟ್ಟರೆ ಪ್ಲೇಟ್ ಬೀಳುತ್ತದೆ. ಸ್ಟೀರಿಂಗಿನಲ್ಲಿ ಬಿಟ್ಟರೆ ಶಿರಾಡಿ ಘಾಟಿಯ ತಿರುವಿನಲ್ಲಿ ಏನಾಗುತ್ತದೆ, ಯೋಚಿಸಿ. ಅದನ್ನು ಮಾತ್ರ ಮಾಡಿಸಬೇಡಿ.

ನನ್ನ ಆಯ್ಕೆ ಹೇಳುತ್ತೇನೆ. ತೋಟದ ದಾರಿ, ಕೊರಕಲು, ಮಳೆಗೆ ಎದ್ದ ಕಲ್ಲು, ಇದು ನಿಮ್ಮ ಓಡಾಟವಾದರೆ ಅಂಚು ಮಡಚಿದ 3 ಮಿ.ಮೀ. ಸ್ಟೀಲ್ ಪ್ಲೇಟ್ ಸಾಕು. ಇಂಥ ದಾರಿಯಲ್ಲಿ ಕಲ್ಲು ಎದುರಿಗೇ ಬರುತ್ತದೆ, ಪ್ಲೇಟ್ ಕಾಯುವುದೂ ಆ ಕಡೆಯನ್ನೇ. ಹಳ್ಳಕೊಳ್ಳ ದಾಟಿ ಬಂಡೆ ಹತ್ತುವ ಹುಚ್ಚು ಇದ್ದರೆ ದಪ್ಪ ರಾಡ್ ಮೊದಲು, ಪ್ಲೇಟ್ ಆಮೇಲೆ. ಅಲ್ಯೂಮಿನಿಯಂ ಯಾರಿಗೆ ಅಂದರೆ, ಜಾಸ್ತಿ ಹೆದ್ದಾರಿ ಓಡಿಸಿ ಆಗೊಮ್ಮೆ ಈಗೊಮ್ಮೆ ಕಾಡುದಾರಿಗೆ ಇಳಿಯುವವರಿಗೆ, ಸಮುದ್ರದ ಉಪ್ಪುಗಾಳಿಯಲ್ಲಿ ಗಾಡಿ ನಿಲ್ಲಿಸುವವರಿಗೆ. ನನ್ನ ಅಲ್ಯೂಮಿನಿಯಂ ಗಾರ್ಡ್ ಈಗ ಮಂಗಳೂರಿನಲ್ಲಿರುವ ಭಾವನ ಜಿಮ್ನಿಯಲ್ಲಿದೆ. ಅವರಿಗೆ ಅದು ಬಹಳ ಸರಿಹೋಗಿದೆ.

ಯಾವ ಪ್ಲೇಟ್ ಹಾಕಿಸಿದರೂ ಶಾಪಿನಿಂದ ಹೊರಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಪ್ಲೇಟಿನ ಹಿಂದಿನ ಅಂಚಿನ ಮೇಲೆ ಹಸಿ ಜೇಡಿಮಣ್ಣಿನ ಲಿಂಬೆಗಾತ್ರದ ಉಂಡೆಗಳನ್ನು ಮೂರು ಕಡೆ ಅಂಟಿಸಿ. ಚೇಸಿಸ್‌ಗೆ ಜಾಕಿ ಕೊಟ್ಟು ಎತ್ತಿ, ಭದ್ರವಾದ ಸ್ಟ್ಯಾಂಡ್ ಇಟ್ಟು, ಮುಂಚಕ್ರ ಪೂರ್ತಿ ಜೋತುಬೀಳಲಿ. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಕೊನೆತನಕ ತಿರುಗಿಸಿ. ಆಮೇಲೆ ಉಂಡೆ ನೋಡಿ. ನನ್ನ ಮೊದಲ ಪ್ಲೇಟಿನಲ್ಲಿ ಎಡಗಡೆಯ ಉಂಡೆ ಹಪ್ಪಳದಷ್ಟು ತೆಳ್ಳಗೆ ಅಪ್ಪಚ್ಚಿಯಾಗಿತ್ತು. ಅಂಚನ್ನು ಎರಡು ಬೆರಳಷ್ಟು ಕತ್ತರಿಸಿದ ಮೇಲೆ ಉಂಡೆ ಉಂಡೆಯಾಗಿಯೇ ಉಳಿಯಿತು.