55,300 ಡಾಲರಿನ ‘ನೆರವು’: ಮಗಳ ಕಾಲೇಜು ಪತ್ರವನ್ನು ನಾವು ತಪ್ಪಾಗಿ ಓದಿದ್ದು

2024ರ ಏಪ್ರಿಲ್ ಕೊನೆಯಲ್ಲಿ ಒಂದು ಸಂಜೆ ಹಾಸನದಲ್ಲಿರುವ ಅಮ್ಮನಿಗೆ ಫೋನ್ ಮಾಡಿ, ‘ಮೊಮ್ಮಗಳಿಗೆ ಕಾಲೇಜಿನವರೇ ವರ್ಷಕ್ಕೆ 55 ಸಾವಿರ ಡಾಲರ್ ಕೊಡುತ್ತಿದ್ದಾರೆ’ ಎಂದು ಹೇಳಿದೆ. ಅಮ್ಮ ಅದನ್ನು ಬೀದಿಗೆಲ್ಲ ಹೇಳಿಕೊಂಡು ಬಂದರು. ನನ್ನ ಆ ಒಂದು ವಾಕ್ಯದಲ್ಲಿ 17 ಸಾವಿರ ಡಾಲರಿಗೂ ಹೆಚ್ಚು ಸುಳ್ಳು ಸೇರಿತ್ತೆಂಬುದು ಜುಲೈನಲ್ಲಿ ಮೊದಲ ಬಿಲ್ಲು ಕೈಸೇರುವವರೆಗೂ ನನಗೆ ತಿಳಿದಿರಲಿಲ್ಲ. ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸುವ ಹೊಸ್ತಿಲಲ್ಲಿರುವ ಕನ್ನಡದ ತಂದೆತಾಯಂದಿರು ಇದೇ ತಪ್ಪನ್ನು ಮಾಡದಿರಲೆಂದು, ಸ್ವಲ್ಪ ಸಂಕೋಚದಿಂದಲೇ, ನಡೆದದ್ದನ್ನು ಲೆಕ್ಕಸಮೇತ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನು ಹೇಳುವುದಿಲ್ಲ. ಅದೊಂದು ಖಾಸಗಿ ವಿಶ್ವವಿದ್ಯಾಲಯವೆಂದರೆ ಸಾಕು.

ಆ ವರ್ಷದ ಗೊಂದಲವೂ ನಮ್ಮ ತಪ್ಪಿಗೆ ಒಂದಿಷ್ಟು ಕಾರಣ. ಕೇಂದ್ರ ಸರ್ಕಾರದ ನೆರವಿಗಾಗಿ ಎಲ್ಲರೂ ತುಂಬುವ ಫಾಫ್ಸಾ ಎಂಬ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ 1ಕ್ಕೆ ತೆರೆಯುತ್ತದೆ. ಹೊಸ ರೂಪದ 2024-25ರ ಅರ್ಜಿ ಮಾತ್ರ 2023ರ ಡಿಸೆಂಬರ್ ಕೊನೆಗೆ ತೆರೆಯಿತು, ಅದರ ಮಾಹಿತಿ ಕಾಲೇಜುಗಳಿಗೆ ತಲುಪಲಾರಂಭಿಸಿದ್ದು ಮಾರ್ಚಿನಲ್ಲಿ. ಹೀಗಾಗಿ ನೆರವಿನ ಪತ್ರಗಳು ತಡವಾಗಿ ಬಂದವು, ನಿರ್ಧಾರಕ್ಕೆ ಉಳಿದ ದಿನಗಳು ಕಡಿಮೆಯಾದವು. ಜೊತೆಗೆ, ನಮ್ಮ ದೊಡ್ಡ ಮಗ ಮನೆಯಿಂದಲೇ ಓಡಾಡಿಕೊಂಡು ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದವನು. ಅವನ ಬಿಲ್ಲು ಒಂದು ಪುಟದ್ದು, ಅದನ್ನು ಓದಲು ವಿಶೇಷ ಜ್ಞಾನ ಬೇಕಿರಲಿಲ್ಲ. ಆ ಅನುಭವದ ಧೈರ್ಯವೇ ನನ್ನನ್ನು ಮೋಸಗೊಳಿಸಿತು.

ಪತ್ರ ಚೆಲುವಾಗಿತ್ತು. ಮೇಲೆ ಅಭಿನಂದನೆ, ಕೆಳಗೆ ಒಂದು ಪಟ್ಟಿ. ವಿಶ್ವವಿದ್ಯಾಲಯದ ಅನುದಾನ 28,000, ಪ್ರತಿಭಾ ಸ್ಕಾಲರ್‌ಷಿಪ್ 10,000, ವರ್ಕ್-ಸ್ಟಡಿ 2,500, ಡೈರೆಕ್ಟ್ ಸಬ್ಸಿಡೈಸ್ಡ್ 3,500, ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ 2,000, ಪೇರೆಂಟ್ ಪ್ಲಸ್ 9,300. ಒಟ್ಟು ನೆರವು 55,300. ಅದರ ಪಕ್ಕದಲ್ಲೇ ಬೋಧನಾ ಶುಲ್ಕ 56,400, ಉಳಿಕೆ 1,100. ನಾನು ಕಣ್ಣಿಟ್ಟದ್ದು ಆ 1,100ರ ಮೇಲೆ. ಹಾಸ್ಟೆಲ್ಲಿನ ಖರ್ಚು ಬೇರೆ ಇರುತ್ತದೆಂದು ಗೊತ್ತಿತ್ತು, ಅದಕ್ಕೆ ಹನ್ನೆರಡು ಸಾವಿರ ಎಂದು ನಾನೇ ಅಂದಾಜು ಹಾಕಿಕೊಂಡೆ. ಪಟ್ಟಿಯ ಕೊನೆಯ ಮೂರು ಸಾಲುಗಳು ಸಾಲಗಳೆಂಬುದನ್ನು ಪತ್ರ ಎಲ್ಲಿಯೂ ಬಚ್ಚಿಟ್ಟಿರಲಿಲ್ಲವಾದರೂ ‘ಸಾಲ’ ಎಂಬ ಪದವನ್ನೂ ಎಲ್ಲಿಯೂ ಬಳಸಿರಲಿಲ್ಲ. ‘ಪೇರೆಂಟ್ ಪ್ಲಸ್’ ಎಂಬ ಹೆಸರನ್ನು ನೋಡಿ, ತಂದೆತಾಯಿಗೆ ಏನೋ ಹೆಚ್ಚುವರಿಯಾಗಿ ಕೊಡುತ್ತಿದ್ದಾರೆಂದು ನನ್ನ ಹೆಂಡತಿ ಸಂತೋಷಪಟ್ಟಳೆಂದರೆ ನಗಬೇಡಿ.

ಜುಲೈನಲ್ಲಿ ಬಂದ ಮೊದಲ ಸೆಮಿಸ್ಟರಿನ ಬಿಲ್ಲು 36,800 ಡಾಲರಿನದು. ಅದರಲ್ಲಿ ಅನುದಾನ ಮತ್ತು ಸ್ಕಾಲರ್‌ಷಿಪ್ಪಿನ ಅರ್ಧ ಭಾಗ 19,000 ಕಳೆದು, ಬಾಕಿ 17,800 ಎಂದು ತೋರಿಸಿದ್ದರು. ಏನೋ ತಪ್ಪಾಗಿದೆಯೆಂದು ಫೋನ್ ಮಾಡಿದೆ. ತಪ್ಪೇನೂ ಆಗಿರಲಿಲ್ಲ. ವಸತಿ ಮತ್ತು ಊಟಕ್ಕೆ ವರ್ಷಕ್ಕೆ 17,200. ಬಿಲ್ಲಿನಲ್ಲಿ ಬರದ ಪುಸ್ತಕ, ಓಡಾಟ, ಕೈಖರ್ಚು ಸೇರಿ ಇನ್ನೂ 4,000. ಇವೆಲ್ಲವನ್ನೂ ಒಳಗೊಂಡ ಮೊತ್ತಕ್ಕೆ ‘ಕಾಸ್ಟ್ ಆಫ್ ಅಟೆಂಡೆನ್ಸ್’ ಎನ್ನುತ್ತಾರೆ. ನಮ್ಮ ವಿಷಯದಲ್ಲಿ ಅದು 77,600. ಇದರಿಂದ ಹಿಂತಿರುಗಿಸಬೇಕಿಲ್ಲದ ಹಣವನ್ನು, ಎಂದರೆ ಅನುದಾನ ಮತ್ತು ಸ್ಕಾಲರ್‌ಷಿಪ್ಪನ್ನು ಮಾತ್ರ ಕಳೆಯಬೇಕು. 77,600ರಲ್ಲಿ 38,000 ಕಳೆದರೆ 39,600. ಒಂದು ವರ್ಷಕ್ಕೆ ನಾವು ನಿಜವಾಗಿ ತೆರಬೇಕಾದ ಬೆಲೆ ಅದು. ಅದನ್ನು ಉಳಿತಾಯದಿಂದ ಕೊಡುತ್ತೇವೋ, ಸಾಲ ಮಾಡಿ ಕೊಡುತ್ತೇವೋ ಎಂಬುದು ಬೇರೆಯೇ ಪ್ರಶ್ನೆ. ಪತ್ರ ಆ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸಿತ್ತು.

ಇದು ನಮಗೊಬ್ಬರಿಗೇ ಆದ ಅನ್ಯಾಯವೆಂದು ಆಗ ಕುದಿದಿದ್ದೆ. ಆದರೆ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ 2022ರಲ್ಲಿ ಕೊಟ್ಟ ವರದಿಯ ಪ್ರಕಾರ, ಅಂದಾಜು ಶೇ. 91ರಷ್ಟು ಕಾಲೇಜುಗಳ ಪತ್ರಗಳು ಈ ನಿಜವಾದ ಬೆಲೆಯನ್ನು ಹೇಳುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ. ಶಿಕ್ಷಣ ಇಲಾಖೆ ಒಂದು ಮಾದರಿ ನಮೂನೆಯನ್ನು ಸಿದ್ಧಪಡಿಸಿದೆಯಾದರೂ ಅದನ್ನು ಬಳಸುವುದು ಬಹುಪಾಲು ಕಾಲೇಜುಗಳ ಇಷ್ಟಕ್ಕೆ ಬಿಟ್ಟದ್ದು. ಆದ್ದರಿಂದ ಪತ್ರ ಬಂದ ದಿನವೇ ಅದನ್ನು ಬದಿಗಿಟ್ಟು, ಬಿಳಿ ಹಾಳೆಯ ಮೇಲೆ ನಿಮ್ಮದೇ ಲೆಕ್ಕವನ್ನು ಬರೆದುಕೊಳ್ಳಿ. ಕೇಂದ್ರ ಸರ್ಕಾರದ ನೆರವು ಪಡೆಯುವ ಕಾಲೇಜುಗಳೆಲ್ಲ 2011ರಿಂದ ತಮ್ಮ ಜಾಲತಾಣದಲ್ಲಿ ‘ನೆಟ್ ಪ್ರೈಸ್ ಕ್ಯಾಲ್ಕುಲೇಟರ್’ ಇಟ್ಟಿರಲೇಬೇಕೆಂಬ ನಿಯಮವಿದೆ. ಅದರಲ್ಲಿ ನಮ್ಮ ವರಮಾನವನ್ನು ತುಂಬಿ ನೋಡಿದ್ದು ನಾನು ಮೊದಲ ಬಿಲ್ಲು ಕಟ್ಟಿದ ಮೇಲೆ. ಅದು ತೋರಿಸಿದ ಅಂಕಿ 39 ಸಾವಿರದ ಆಸುಪಾಸಿನಲ್ಲೇ ಇತ್ತು.

ಹೆಚ್ಚು ನೋಯುವುದು ಇನ್ನೊಂದು ಪತ್ರ ನೆನಪಾದಾಗ. ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೂ ಅವಳಿಗೆ ಸೀಟು ಕೊಟ್ಟು, 9,000 ಡಾಲರ್ ಅನುದಾನ ಎಂದು ಎರಡು ಸಾಲಿನಲ್ಲಿ ತಿಳಿಸಿತ್ತು. 55ರ ಎದುರು 9 ಎಂದು ನಕ್ಕು ಅದನ್ನು ಡ್ರಾಯರಿಗೆ ಹಾಕಿದೆ. ಅಲ್ಲಿಯ ಒಟ್ಟು ಖರ್ಚು 36,000. ಎಂದರೆ ನಿಜವಾದ ಬೆಲೆ 27,000, ನಾವು ಆರಿಸಿಕೊಂಡದ್ದಕ್ಕಿಂತ ವರ್ಷಕ್ಕೆ 12,600 ಕಡಿಮೆ. ಖಾಸಗಿ ಕಾಲೇಜು ಆ ವ್ಯತ್ಯಾಸಕ್ಕೆ ತಕ್ಕುದಲ್ಲವೆಂದು ನಾನು ಹೇಳುತ್ತಿಲ್ಲ. ಮಗಳು ಅಲ್ಲಿ ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ವ್ಯತ್ಯಾಸವನ್ನು ಕಂಡು ಆರಿಸುವುದಕ್ಕೂ ಕಾಣದೆ ಆರಿಸುವುದಕ್ಕೂ ಅಂತರವಿದೆ.

ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ಬಿಡಿಸಿ ನೋಡೋಣ. ವರ್ಕ್-ಸ್ಟಡಿಯ 2,500 ಬಿಲ್ಲಿನಿಂದ ಕಳೆಯುವ ಹಣವಲ್ಲ; ಅಷ್ಟು ದುಡಿಯಲು ಸಿಗುವ ಅವಕಾಶ ಮಾತ್ರ. ಕೆಲಸವನ್ನು ಮಗುವೇ ಹುಡುಕಿಕೊಳ್ಳಬೇಕು, ಕೂಲಿ ದುಡಿದ ಹಾಗೆಲ್ಲ ಕೈಗೆ ಬರುತ್ತದೆ. ನಮ್ಮವಳಿಗೆ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿದ್ದು ಅಕ್ಟೋಬರಿನಲ್ಲಿ, ವರ್ಷದ ಕೊನೆಗೆ ಗಳಿಸಿದ್ದು ಸುಮಾರು 1,400. ಡೈರೆಕ್ಟ್ ಸಾಲಗಳು ವಿದ್ಯಾರ್ಥಿಯ ಹೆಸರಿನಲ್ಲಿರುತ್ತವೆ. ತಂದೆತಾಯಿಯ ಆಶ್ರಯದಲ್ಲಿರುವವರಿಗೆ ಮೊದಲ ವರ್ಷ 5,500ರ ಮಿತಿಯಿದ್ದು, ಅದರಲ್ಲಿ ಓದುವಾಗ ಸರ್ಕಾರವೇ ಬಡ್ಡಿ ತುಂಬುವ ಸಬ್ಸಿಡೈಸ್ಡ್ ಭಾಗ ಹೆಚ್ಚೆಂದರೆ 3,500. ಇವು ಇದ್ದುದರಲ್ಲಿ ಸಭ್ಯ ಸಾಲಗಳು.

ಪೇರೆಂಟ್ ಪ್ಲಸ್ ಹಾಗಲ್ಲ. ಅದನ್ನು ಕಾಲೇಜು ಕೊಡುವುದೂ ಇಲ್ಲ, ಪತ್ರದಲ್ಲಿ ಬರೆದ ಮಾತ್ರಕ್ಕೆ ಅದು ಮಂಜೂರಾಗಿರುವುದೂ ಇಲ್ಲ. ತಂದೆ ಅಥವಾ ತಾಯಿ ಬೇರೆಯಾಗಿ ಅರ್ಜಿ ಹಾಕಿ, ಸಾಲದ ಇತಿಹಾಸದ ಪರಿಶೀಲನೆ ದಾಟಿ, ತಮ್ಮ ಹೆಸರಿನಲ್ಲೇ ಪಡೆಯುವ ಸಾಲ ಅದು. 2024-25ರಲ್ಲಿ ಅದರ ಬಡ್ಡಿ ಶೇ. 9.08, ಕೊಡುವಾಗಲೇ ಶೇ. 4.228 ಶುಲ್ಕವನ್ನು ಮುರಿದುಕೊಳ್ಳುತ್ತಾರೆ. ಎರಡೂ ಸೆಮಿಸ್ಟರಿನ ಬಿಲ್ಲಿನ ಬಾಕಿ 35,600ರಲ್ಲಿ ಮಗಳ ಡೈರೆಕ್ಟ್ ಸಾಲ ಮತ್ತು ನಮ್ಮ ಉಳಿತಾಯದ 12,000 ಹೋಗಿ ಇನ್ನೂ 18,100 ಬೇಕಾಗಿದ್ದಾಗ, ಅಷ್ಟು ಹಣ ಕಾಲೇಜಿಗೆ ತಲುಪಲು ನಾನು ಸುಮಾರು 18,900ಕ್ಕೆ ಸಹಿ ಹಾಕಬೇಕಾಯಿತು. ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿ ಏರುತ್ತದೆ. 2026ರ ಜುಲೈ 1ರಿಂದ ಹೊಸದಾಗಿ ಈ ಸಾಲ ಪಡೆಯುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಎಂಬ ಮಿತಿ ಜಾರಿಯಾಗುತ್ತದೆ. ನಾಲ್ಕು ವರ್ಷವೂ ಇದನ್ನೇ ನೆಚ್ಚಿಕೊಂಡು ಲೆಕ್ಕ ಹಾಕುವವರು ಈ ಮಿತಿಯನ್ನು ಗಮನದಲ್ಲಿಡಬೇಕು.

ಮೊದಲ ವರ್ಷದ ಹೊಡೆತಕ್ಕೆ ನಾವೇ ಹೊಣೆ ಎನ್ನಬಹುದು. ಎರಡನೆಯ ವರ್ಷ ಬಂದದ್ದು ನಾವು ಕೇಳದೆ ಬಿಟ್ಟ ಪ್ರಶ್ನೆಯ ಫಲ. ಅಗತ್ಯ ಆಧಾರಿತ ಅನುದಾನವನ್ನು ಪ್ರತಿ ವರ್ಷ ಹೊಸದಾಗಿ ಲೆಕ್ಕ ಹಾಕುತ್ತಾರೆ. 2025ರ ಜೂನಿನಲ್ಲಿ ಬಂದ ಪತ್ರದಲ್ಲಿ 28,000 ಇದ್ದದ್ದು 21,000ಕ್ಕೆ ಇಳಿದಿತ್ತು, ಒಟ್ಟು ಖರ್ಚು 80,700ಕ್ಕೆ ಏರಿತ್ತು. ಕಾರಣಗಳು ಎರಡು. ಆ ವರ್ಷದ ಅರ್ಜಿ 2023ರ ತೆರಿಗೆ ಲೆಕ್ಕವನ್ನು ಆಧರಿಸಿತ್ತು; ಆ ವರ್ಷ ನಾನು ಮಗಳ ಕಾಲೇಜಿಗೆಂದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿಯ ಓವರ್‌ಟೈಮ್ ಮಾಡಿದ್ದೆ. ಎರಡನೆಯದು, ಮಗ ಮೇ ತಿಂಗಳಲ್ಲಿ ಪದವಿ ಮುಗಿಸಿದ. ಒಂದೇ ಮನೆಯಿಂದ ಇಬ್ಬರು ಕಾಲೇಜಿನಲ್ಲಿದ್ದರೆ ಕೊಡುತ್ತಿದ್ದ ರಿಯಾಯಿತಿಯನ್ನು ಫಾಫ್ಸಾ 2024-25ರಿಂದ ಕೈಬಿಟ್ಟಿದೆ. ಆದರೆ ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಎರಡನೆಯ, ಹೆಚ್ಚು ಕೂಲಂಕಷವಾದ ಅರ್ಜಿಯನ್ನು ಕೇಳುವ ಖಾಸಗಿ ಕಾಲೇಜುಗಳಲ್ಲಿ ಹಲವು ತಮ್ಮ ಸ್ವಂತ ಹಣ ಹಂಚುವಾಗ ಅದನ್ನು ಈಗಲೂ ಪರಿಗಣಿಸುತ್ತವೆ. ಮೊದಲ ವರ್ಷದ 28,000ದಲ್ಲಿ ನಮ್ಮ ಮಗನ ಪಾಲೂ ಇತ್ತೆಂಬುದು ಅವನು ಪದವಿ ಪಡೆದ ಮೇಲೆ ತಿಳಿಯಿತು. ಸೇರುವ ಮೊದಲೇ ನೆರವಿನ ಕಚೇರಿಗೆ ಇಮೇಲ್ ಬರೆದು, ‘ನಮ್ಮ ವರಮಾನ ಹೀಗೆಯೇ ಇದ್ದು, ದೊಡ್ಡವನ ಓದು ಮುಗಿದರೆ ಈ ಅನುದಾನ ಎಷ್ಟಾಗುತ್ತದೆ? ಸ್ಕಾಲರ್‌ಷಿಪ್ ಉಳಿಯಲು ಎಷ್ಟು ಜಿಪಿಎ (ಅಂಕಗಳ ಸರಾಸರಿ) ಬೇಕು?’ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆದುಕೊಳ್ಳಿ.

ನಡುವೆ ಇನ್ನೊಂದು ಸಣ್ಣ ಕಹಿ. ಇಲ್ಲಿಯ ಕನ್ನಡ ಸಂಘದವರು ಮಗಳಿಗೆ ಪ್ರೀತಿಯಿಂದ 1,500 ಡಾಲರ್ ವಿದ್ಯಾರ್ಥಿವೇತನ ಕೊಟ್ಟರು. ಕಾಲೇಜಿಗೆ ತಿಳಿಸಿದೊಡನೆ, ಅವರು ತಮ್ಮ ಅನುದಾನವನ್ನು 1,500ರಷ್ಟೇ ಇಳಿಸಿದರು. ಹಿಂತಿರುಗಿಸಬೇಕಿಲ್ಲದ ಹಣದ ಒಟ್ಟು ಮೊತ್ತ 38,000 ಆಗಿಯೇ ಉಳಿಯಿತು. ಶಾಲು ಹೊದಿಸಿ, ಹಾರ ಹಾಕಿ ಸಂಘ ಕೊಟ್ಟ ಹಣ ಕೊನೆಗೆ ಸಂದದ್ದು ವಿಶ್ವವಿದ್ಯಾಲಯಕ್ಕೆ. ಮೊದಲು ಸಾಲವನ್ನೋ ವರ್ಕ್-ಸ್ಟಡಿಯನ್ನೋ ಇಳಿಸುವ ಕಾಲೇಜುಗಳೂ ಇವೆ, ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ಸರ್ಕಾರಿ ಕಾಲೇಜುಗಳಿಗೆ ಈ ವಿಷಯದಲ್ಲಿ ಕಾನೂನಿನ ಕಡಿವಾಣ ಹಾಕಿತು. ನಿಮ್ಮ ಕಾಲೇಜಿನ ರೀತಿ ಯಾವುದೆಂದು ಮೊದಲೇ ವಿಚಾರಿಸಿ.

ಊರಿನ ಆಸ್ತಿಯ ಬಗ್ಗೆ ಹಲವರು ಕೇಳುವುದರಿಂದ ಇಷ್ಟು ಹೇಳಬೇಕು. ನೀವು ವಾಸಿಸುವ ಮನೆಯನ್ನು ಫಾಫ್ಸಾ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನಿವೃತ್ತಿ ಖಾತೆಗಳನ್ನೂ ಇಲ್ಲ; ಆದರೆ ನಿಮ್ಮ ಹೆಸರಿನಲ್ಲಿ ಮೈಸೂರಿನಲ್ಲಿರುವ ಸೈಟು, ಬೆಂಗಳೂರಿನ ಫ್ಲ್ಯಾಟು ಹೂಡಿಕೆಯೆಂದೇ ಲೆಕ್ಕ. ‘ಅಲ್ಲಿಯದನ್ನು ಇಲ್ಲಿ ಯಾರು ನೋಡುತ್ತಾರೆ’ ಎಂಬ ಸಲಹೆ ನನಗೂ ಬಂದಿತ್ತು. ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಬರೆದರೆ 20,000 ಡಾಲರ್‌ವರೆಗೆ ದಂಡ, ಜೈಲು ಅಥವಾ ಎರಡೂ ಆಗಬಹುದೆಂದು ಸಹಿ ಹಾಕುವ ಜಾಗದಲ್ಲೇ ಬರೆದಿರುತ್ತದೆ. ಅಲ್ಲದೆ ಫಾಫ್ಸಾದ ಸೂತ್ರದಲ್ಲಿ ತಂದೆತಾಯಿಯ ಆಸ್ತಿಯ ಮೇಲೆ ಬೀಳುವ ಭಾರ ಗರಿಷ್ಠವೆಂದರೂ ವರ್ಷಕ್ಕೆ ಶೇ. 5.64, ಅಷ್ಟಕ್ಕಾಗಿ ಗ್ರೀನ್ ಕಾರ್ಡನ್ನು ಪಣಕ್ಕಿಡುವುದು ಮೂರ್ಖತನ. ಇನ್ನು, ಮಗು ಎಚ್-4 ವೀಸಾದಲ್ಲಿದ್ದರೆ (ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ವೀಸಾ ಅದು) ಕೇಂದ್ರ ಸರ್ಕಾರದ ಅನುದಾನವಾಗಲೀ ಸಾಲವಾಗಲೀ ಸಿಗುವುದೇ ಇಲ್ಲ. ಕಾಲೇಜು ತನ್ನ ಸ್ವಂತ ಹಣದಿಂದ ಕೊಟ್ಟರೆ ಉಂಟು.

ಎರಡನೆಯ ವರ್ಷದ ಪತ್ರವನ್ನು ಮಾತ್ರ ನಾವು ತಲೆಬಾಗಿ ಒಪ್ಪಿಕೊಳ್ಳಲಿಲ್ಲ. ಎರಡು ವರ್ಷ ಹಿಂದಿನ ತೆರಿಗೆ ಲೆಕ್ಕ ಇಂದಿನ ಸ್ಥಿತಿಯನ್ನು ತೋರಿಸದಿದ್ದರೆ, ಪುರಾವೆ ನೋಡಿ ಅಂಕಿಗಳನ್ನು ತಿದ್ದುವ ಅಧಿಕಾರವನ್ನು ಕಾನೂನು ಕಾಲೇಜಿನ ನೆರವಿನ ಅಧಿಕಾರಿಗೆ ಕೊಟ್ಟಿದೆ. ಇದನ್ನು ‘ಪ್ರೊಫೆಷನಲ್ ಜಡ್ಜ್‌ಮೆಂಟ್’ ಎನ್ನುತ್ತಾರೆ. ಓವರ್‌ಟೈಮ್ ನಿಂತಿದೆಯೆಂದು ನನ್ನ ಆಸ್ಪತ್ರೆಯಿಂದ ಒಂದು ಪತ್ರ, ಹೆಂಡತಿಯ ಡೇಕೇರ್ ಕೆಲಸದ ಗಂಟೆಗಳನ್ನು ಇಳಿಸಿದ್ದಕ್ಕೆ ಸಂಬಳದ ಚೀಟಿಗಳು, ಒಂದು ಪುಟದ ವಿವರಣೆ, ಇಷ್ಟನ್ನು ಜುಲೈ ಮೊದಲ ವಾರ ಕಳುಹಿಸಿದೆವು. ಗೋಳು ಹೇಳಿಕೊಳ್ಳಲಿಲ್ಲ, ಅಂಕಿಗಳನ್ನಷ್ಟೇ ಬರೆದೆವು. ಐದು ವಾರಗಳ ನಂತರ 3,000 ಹೆಚ್ಚಿಸಿ ಅನುದಾನವನ್ನು 24,000 ಮಾಡಿದರು. ಸ್ಕಾಲರ್‌ಷಿಪ್ ಸೇರಿ 34,000. ಈ ವರ್ಷದ ನಿಜವಾದ ಬೆಲೆ 46,700. ಈ ಸಲ ಆ ಅಂಕಿಯನ್ನು ಬಿಲ್ಲು ಬರುವ ಮೊದಲೇ ಹಾಳೆಯ ಮೇಲೆ ಬರೆದಿಟ್ಟಿದ್ದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.