ದಾಖಲೆಯಲ್ಲಿ ಎಲ್ಲವೂ ಸರಿ, ಸ್ಟಿಯರಿಂಗ್ ಒಳಗೆ ಬೇರೆ ಕಾರಿನ ಏರ್‌ಬ್ಯಾಗ್

ಹಾರ್ನ್ ಕೆಟ್ಟದ್ದರಿಂದ ಗೊತ್ತಾಯಿತು. ಇಲ್ಲದಿದ್ದರೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ನಾವು ಇರುವುದು ಕುಂದಾಪುರದ ಹತ್ತಿರ. 2021ರಲ್ಲಿ ಮಂಗಳೂರಿನ ಒಬ್ಬ ಹಳೆ ಕಾರು ವ್ಯಾಪಾರಿಯಿಂದ 2009ರ ಮಾದರಿಯ ಸಣ್ಣ ಕಾರೊಂದನ್ನು ಕೊಂಡೆ. ನಾನು ಮೂರನೆಯ ಮಾಲೀಕ. ಆ ಕಾಲದ ಸಣ್ಣ ಕಾರುಗಳಲ್ಲಿ ಏರ್‌ಬ್ಯಾಗ್ ಇರುತ್ತಿದ್ದುದು ದುಬಾರಿ ಮಾದರಿಗಳಲ್ಲಿ ಮಾತ್ರ. ಚಾಲಕನ ಏರ್‌ಬ್ಯಾಗ್ ನಮ್ಮಲ್ಲಿ ಕಡ್ಡಾಯವಾದದ್ದೇ 2019ರ ಜುಲೈನಿಂದ. ದಿನವೂ ಬೈಂದೂರಿನ ಶಾಲೆಗೆ ಓಡಿಸುವವಳು ಹೆಂಡತಿ, ಹೆದ್ದಾರಿಯ ಪ್ರಯಾಣ, ಏರ್‌ಬ್ಯಾಗ್ ಇರಲಿ ಎಂದು ಇಪ್ಪತ್ತೈದು ಸಾವಿರ ಹೆಚ್ಚು ಕೊಟ್ಟು ಈ ಕಾರನ್ನೇ ಆರಿಸಿದೆ. ಈ ಬುದ್ಧಿವಂತಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು, ಕಾಗದಪತ್ರ ನೋಡದೆ ಹಣ ಕೊಡುವವನಲ್ಲ. ಹಳೆಯ ಕಾರುಗಳ ಏರ್‌ಬ್ಯಾಗ್ ದೋಷದ ಸುದ್ದಿ ಪತ್ರಿಕೆಗಳಲ್ಲಿ ಓದಿದ್ದೆ. ಹಾಗಾಗಿ ಮುಂಗಡ ಕೊಡುವ ಮೊದಲೇ ಆರ್‌ಸಿಯಲ್ಲಿದ್ದ ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿದೆ. ಚಾಲಕನ ಏರ್‌ಬ್ಯಾಗ್‌ಗೆ ಒಂದು ರೀಕಾಲ್, ಅಂದರೆ ದೋಷವಿರುವ ಭಾಗವನ್ನು ಬದಲಾಯಿಸಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಯುವುದು, ಇತ್ತು, 2016ರಲ್ಲೇ ಉಚಿತವಾಗಿ ಬದಲಾಯಿಸಿ ಆಗಿತ್ತು, ಬಾಕಿ ಏನೂ ಇಲ್ಲ ಎಂದು ಬಂತು. ಆ ಪುಟವನ್ನು ಮುದ್ರಿಸಿ ಕಡತದಲ್ಲಿಟ್ಟೆ. ನೆಂಟರಿಗೂ ತೋರಿಸಿದೆ, ಕೊಳ್ಳುವುದಾದರೆ ಹೀಗೆ ವಿಚಾರಿಸಿ ಕೊಳ್ಳಬೇಕು ಎಂದು ಉಪದೇಶವನ್ನೂ ಮಾಡಿದೆ.

ಮೂರು ಮಳೆಗಾಲ ಕಳೆದವು. ಕಳೆದ ವರ್ಷ ಹಾರ್ನ್ ನಿಂತಿತು. ಉಡುಪಿಯಲ್ಲಿ ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಹಾರ್ನ್ ತಂತಿ ಹೋಗುವ ಸುರುಳಿ ಏರ್‌ಬ್ಯಾಗ್‌ನ ಹಿಂದೆಯೇ ಇರುತ್ತದೆ. ಅವರು ಬ್ಯಾಟರಿಯ ಸಂಪರ್ಕ ತೆಗೆದು, ಕಾಲು ಗಂಟೆ ಕಾದು, ಏರ್‌ಬ್ಯಾಗನ್ನು ಸ್ಟಿಯರಿಂಗ್‌ನಿಂದ ಬಿಡಿಸಿ ತಿರುಗಿಸಿ ನೋಡಿದರು. ಮತ್ತೆ ನೋಡಿದರು. "ಸರ್, ನಿಮ್ಮ ಗಾಡಿ ಯಾವ ವರ್ಷದ್ದು?" ಎಂದರು.

"2009."

"ಈ ಬ್ಯಾಗ್ 2007ರದ್ದು. ಇದು ಈ ಗಾಡಿಯದ್ದಲ್ಲ."

2016ರಲ್ಲಿ ಹೊಸದು ಹಾಕಿದ್ದೇ ನಿಜವಾದರೆ ಅಲ್ಲಿ 2007ರ ಲೇಬಲ್ ಇರುವುದು ಹೇಗೆ? ಫೋಟೊ ತೆಗೆದುಕೊಂಡು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋದೆ. ಅಲ್ಲಿನವರು ಲೇಬಲ್‌ನ ಸಂಖ್ಯೆಯನ್ನು ತಮ್ಮ ಪಟ್ಟಿಯಲ್ಲಿ ಹುಡುಕಿದರು. ರೀಕಾಲ್ ಆದ ಬ್ಯಾಚಿನ ಸಂಖ್ಯೆಯೇ ಅದು. ಯಾವ ದೋಷಕ್ಕಾಗಿ ಹಳೆಯದನ್ನು ತೆಗೆದು ಹೊಸದನ್ನು ಹಾಕಿದ್ದರೋ ಅದೇ ದೋಷದ, ಅದಕ್ಕಿಂತಲೂ ಹಳೆಯ ಭಾಗ ನನ್ನ ಹೆಂಡತಿಯ ಎದೆಯಿಂದ ಎರಡು ಗೇಣು ದೂರದಲ್ಲಿ ಮೂರು ವರ್ಷ ಕೂತಿತ್ತು.

ಕಾರಿನ ಎರಡನೆಯ ಮಾಲೀಕರಿಗೆ ಫೋನ್ ಮಾಡಿದೆ. ಸ್ವಲ್ಪ ತಡವರಿಸಿ ಹೇಳಿದರು: 2018ರಲ್ಲಿ ಒಂದು "ಸಣ್ಣ ಪೆಟ್ಟು" ಬಿದ್ದಿತ್ತು, ಬ್ಯಾಗ್ ತೆರೆದುಕೊಂಡಿತ್ತು, ಅವರಿಗೆ ಏನೂ ಆಗಿರಲಿಲ್ಲ. ಅಂದರೆ ಉಚಿತವಾಗಿ ಹಾಕಿಕೊಟ್ಟ ಹೊಸ ಬ್ಯಾಗ್ ತನ್ನ ಕೆಲಸವನ್ನು ಮಾಡಿ ಒಬ್ಬರನ್ನು ಉಳಿಸಿತ್ತು. ಆಮೇಲೆ ಅವರು ವಿಮೆಗೆ ಹೋಗದೆ, ಬಿಲ್ ಇಲ್ಲದೆ, ಯಾವುದೋ ಗ್ಯಾರೇಜಿನಲ್ಲಿ ಕಡಿಮೆಗೆ ರಿಪೇರಿ ಮಾಡಿಸಿದ್ದರು. ಗ್ಯಾರೇಜಿನವರು ಗುಜರಿಯಿಂದ ಅದೇ ಮಾದರಿಯ ಬ್ಯಾಗ್ ತಂದು ಕೂರಿಸಿದ್ದರು. ಅದು ಬಂದ ಗಾಡಿಗೆ ರೀಕಾಲ್ ಪತ್ರ ಹೋಗಿದ್ದರೂ ಅದರ ಮಾಲೀಕ ಗಾಡಿಯನ್ನೇ ಗುಜರಿಗೆ ಹಾಕಿಯಾಗಿತ್ತು. ಪತ್ರ ಹೋಗುವುದು ಚಾಸಿ ಸಂಖ್ಯೆಯ ಬೆನ್ನು ಹಿಡಿದು. ಕೆಟ್ಟ ಭಾಗ ಹೋಗುವುದು ಗುಜರಿಯವನ ಸ್ಕೂಟರಿನಲ್ಲಿ.

ಏರ್‌ಬ್ಯಾಗ್ ದೋಷ ಎಂದರೆ ಬ್ಯಾಗ್ ತೆರೆಯದೇ ಇರುವುದು ಎಂದೇ ಬಹಳ ಜನ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ನನ್ನ ಕಾರಿನೊಳಗಿದ್ದದ್ದು ಯಾರ ತಯಾರಿಕೆ ಎಂದು ಇಲ್ಲಿ ಬರೆಯುವುದಿಲ್ಲ. ಆದರೆ ಜಗತ್ತಿಗೆಲ್ಲ ಗೊತ್ತಿರುವ ದೊಡ್ಡ ಪ್ರಕರಣ ಜಪಾನಿನ ಟಕಾಟಾ ಕಂಪನಿಯದು. ಬ್ಯಾಗನ್ನು ಉಬ್ಬಿಸುವ ಇನ್‌ಫ್ಲೇಟರ್ ಎಂಬ ಲೋಹದ ಡಬ್ಬಿಯಲ್ಲಿ ಅವರು ಅಮೋನಿಯಂ ನೈಟ್ರೇಟ್ ಬಿಲ್ಲೆಗಳನ್ನು ಬಳಸಿದ್ದರು. ಹೊಲಕ್ಕೆ ಗೊಬ್ಬರವಾಗುವ, ಕಲ್ಲುಕೋರೆಯಲ್ಲಿ ಸ್ಫೋಟಕವಾಗುವ ಅದೇ ವಸ್ತು. ತೇವ ಹೀರುವ ಪದಾರ್ಥ ಜೊತೆಗಿಲ್ಲದ ಡಬ್ಬಿಗಳಲ್ಲಿ ವರ್ಷಗಟ್ಟಲೆ ಸೆಕೆ, ತೇವ, ಹಗಲು ರಾತ್ರಿಯ ಬಿಸಿ ತಂಪು ತಾಗಿ ಬಿಲ್ಲೆಗಳು ಸಡಿಲವಾಗುತ್ತವೆ. ಆಮೇಲೆ ಅಪಘಾತದ ಹೊತ್ತಿಗೆ ಬೇಕಾದ್ದಕ್ಕಿಂತ ವೇಗವಾಗಿ ಉರಿದು, ಡಬ್ಬಿಯೇ ಒಡೆದು, ಲೋಹದ ಚೂರುಗಳು ಬ್ಯಾಗನ್ನು ಹರಿದುಕೊಂಡು ಮುಖಕ್ಕೆ, ಕುತ್ತಿಗೆಗೆ ಬಡಿಯುತ್ತವೆ. ಬದುಕಬಹುದಾದ ಸಣ್ಣ ಅಪಘಾತಗಳಲ್ಲಿ ಜನ ಸತ್ತದ್ದು ಹೀಗೆ. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಏರ್‌ಬ್ಯಾಗ್‌ಗಳು ರೀಕಾಲ್ ಆದವು. ಕಂಪನಿ 2017ರ ಜೂನ್‌ನಲ್ಲಿ ದಿವಾಳಿಯಾಯಿತು.

ಅಮೆರಿಕದವರು ಮೊದಲು ಗಮನ ಹರಿಸಿದ್ದು ಫ್ಲೋರಿಡಾ, ಹವಾಯಿಯಂಥ ಸೆಕೆಯ ಕಡಲತೀರಗಳ ಕಡೆಗೆ. ಮಲೇಷ್ಯಾದಲ್ಲೂ ಸಾವುಗಳಾಗಿವೆ. ಇದನ್ನು ಓದುವಾಗ ನಮ್ಮ ಅಂಗಳದಲ್ಲಿ ಎಲೆಯ ಮೇಲೆಲ್ಲ ಬೂಸ್ಟು ಹಿಡಿಯುವ ಆಷಾಢ ನೆನಪಾಯಿತು. ಬಟ್ಟೆ ಒಣಗದ, ಉಪ್ಪಿನ ಭರಣಿಯಲ್ಲಿ ನೀರು ಬಿಡುವ ಊರು ನಮ್ಮದು. ಏಪ್ರಿಲ್‌ನಲ್ಲಿ ಅದೇ ಕಾರು ಶಾಲೆಯ ಬಯಲಿನಲ್ಲಿ ಬಿಸಿಲಿಗೆ ನಿಂತಿರುತ್ತದೆ. ಇನ್ನೇನು ಬೇಕು?

ಗುಜರಿಯ ಬ್ಯಾಗ್ ಕೂಡ ಕಟ್ಟುಕತೆಯಲ್ಲ. 2017ರಲ್ಲಿ ಅಮೆರಿಕದ ನೆವಾಡಾದಲ್ಲಿ ಒಬ್ಬ ಯುವತಿಯ ಕುತ್ತಿಗೆಗೆ ಚೂರು ಬಡಿದು ಬಹಳ ಕಷ್ಟದಲ್ಲಿ ಬದುಕಿದಳು. ಬೇರೆ ಗಾಡಿಯಿಂದ ಕಿತ್ತ ರೀಕಾಲ್ ಭಾಗವನ್ನು ಅವಳ ಕಾರಿಗೆ ಹಾಕಿದ್ದರು.

ಇನ್ನು ದುರಸ್ತಿಯ ಕತೆ. ಸರ್ವಿಸ್ ಕೇಂದ್ರದವರ ಪ್ರಕಾರ ನನ್ನ ಚಾಸಿ ಸಂಖ್ಯೆಯ ರೀಕಾಲ್ ಮುಗಿದಿದೆ, ಆದ್ದರಿಂದ ಉಚಿತವಿಲ್ಲ. ನಾನು ಕೂಗಾಡಿದೆ, ಆದರೆ ಅವರ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟವಿತ್ತು. ನಮ್ಮ ಕೇಂದ್ರ ಸರ್ಕಾರದ ರೀಕಾಲ್ ನಿಯಮ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು, ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವೂ ಅದರಲ್ಲಿದೆ. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ. ಏರ್‌ಬ್ಯಾಗ್‌ನ ಸಿಡಿಮದ್ದು ಹಳೆಯದಾದಷ್ಟೂ ಅಪಾಯ, ನಿಯಮದ ಬಲ ಕಾರು ಹಳೆಯದಾದಷ್ಟೂ ಇಲ್ಲ. ನನ್ನದು ಕೊಳ್ಳುವಾಗಲೇ ಹನ್ನೆರಡು ವರ್ಷದ್ದು.

ಅಲ್ಲೇ ಇನ್ನೊಂದು ಸಂಗತಿ ಗೊತ್ತಾಯಿತು. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್‌ನ ಕೆಂಪು ದೀಪ ಕೆಲವು ಸೆಕೆಂಡು ಹೊತ್ತಿ ಆರಬೇಕು. ನನ್ನ ಕಾರಿನಲ್ಲಿ ಅದು ಹೊತ್ತುತ್ತಲೇ ಇರಲಿಲ್ಲ. ಬ್ಯಾಗ್ ತೆರೆದ ಮೇಲೆ ನಿಯಂತ್ರಣ ಪೆಟ್ಟಿಗೆ ಆ ಅಪಘಾತವನ್ನು ನೆನಪಿಟ್ಟುಕೊಂಡು ದೀಪವನ್ನು ಆರಲು ಬಿಡುವುದಿಲ್ಲ. ಪೆಟ್ಟಿಗೆ ಬದಲಿಸುವ ಖರ್ಚು ಉಳಿಸಲು ಗ್ಯಾರೇಜಿನವರು ದೀಪವನ್ನೇ ಕೊಂದಿದ್ದರು. "ಹೊಡೆತ ಬಿದ್ದರೆ ಇದು ತೆರೆಯದೇ ಇರಬಹುದಿತ್ತು. ತೆರೆದಿದ್ದರೆ ಅದಕ್ಕಿಂತ ಕೆಟ್ಟದಾಗುತ್ತಿತ್ತು," ಎಂದ ಅಲ್ಲಿನ ತಂತ್ರಜ್ಞ. ಮೂರು ವರ್ಷ ದಿನಕ್ಕೆರಡು ಸಲ ಕೀಲಿ ತಿರುಗಿಸಿದ ಮನೆಯಲ್ಲಿ ಯಾರೂ ಇಲ್ಲದ ದೀಪವನ್ನು ಗಮನಿಸಲಿಲ್ಲ. ಹೊತ್ತಿದ ದೀಪ ಕಾಣುತ್ತದೆ, ಹೊತ್ತದ್ದು ಹೇಗೆ ಕಾಣಬೇಕು?

ಹೊಸ ಬ್ಯಾಗ್, ಪೆಟ್ಟಿಗೆ, ಕೂಲಿ ಎಲ್ಲ ಸೇರಿ 61,000 ರೂಪಾಯಿ. ಭಾಗ ಬರಲು ಐದು ವಾರ. ಅಷ್ಟೂ ದಿನ ಹೆಂಡತಿ ಬಸ್ಸಿನಲ್ಲಿ ಹೋದಳು, ನನ್ನ ಕಡತದ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಳೆಯ ಬ್ಯಾಗನ್ನು ವಾಪಸ್ ಕೊಡಲು ಬಂದರು. ಬೇಡ, ನೀವೇ ನಾಶ ಮಾಡಿ ಬರೆದುಕೊಡಿ ಎಂದು ಪಟ್ಟು ಹಿಡಿದೆ, ಬರೆದುಕೊಟ್ಟರು. ಮನೆಗೆ ತಂದಿದ್ದರೆ ಅದು ಇನ್ನೊಂದು ಗುಜರಿ ಅಂಗಡಿ ಸೇರುತ್ತಿತ್ತು. ಇಂಥದ್ದನ್ನು ಮನೆಯಲ್ಲಿ ಬಿಚ್ಚುವ ಸಾಹಸವನ್ನಂತೂ ಯಾರೂ ಮಾಡಬೇಡಿ.

ವ್ಯಾಪಾರಿಯ ಹತ್ತಿರವೂ ಹೋಗಿದ್ದೆ. "ಮೂರು ವರ್ಷ ಓಡಿಸಿದ್ದೀರಲ್ಲ ಸರ್, ಏನಾದರೂ ಆಯಿತೇ?" ಎಂದರು. ಚಹಾ ತರಿಸಿದರು. ಅವರ ಅಂಗಳದಲ್ಲಿ ಅದೇ ಮಾದರಿಯ ಇನ್ನೊಂದು ಬೆಳ್ಳಿ ಬಣ್ಣದ ಕಾರು ನಿಂತಿತ್ತು, ಗಾಜಿನ ಮೇಲೆ "ಎರಡು ಏರ್‌ಬ್ಯಾಗ್, ಒಂದೂ ಅಪಘಾತವಿಲ್ಲ" ಎಂಬ ಚೀಟಿ. ಕೀಲಿ ಕೇಳಿ ಪಡೆದು ತಿರುಗಿಸಿದೆ. ಬ್ಯಾಟರಿಯ ದೀಪ ಹೊತ್ತಿತು, ಎಣ್ಣೆಯ ದೀಪ ಹೊತ್ತಿತು. ಏರ್‌ಬ್ಯಾಗ್‌ನದು ಹೊತ್ತಲಿಲ್ಲ. ಆ ಕಾರು ಈಗ ಅಲ್ಲಿಲ್ಲ. ಕೊಂಡವರು ಇದನ್ನು ಓದುತ್ತಿದ್ದರೆ ನಾಳೆಯೇ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ, ಚಾಸಿ ಸಂಖ್ಯೆ ಹೇಳಿ ಸುಮ್ಮನಾಗದೆ, ಬ್ಯಾಗನ್ನು ಬಿಚ್ಚಿಸಿ ಹಿಂದಿನ ಲೇಬಲ್ ಓದಿಸಿ.