ಹೊಸ ನೀರಿನಲ್ಲಿ ಗಾಳ: ಹಿಂಡಿ ಹಾಕಿ ಕಾಯುವುದೋ, ದಡ ಹಿಡಿದು ಅಲೆಯುವುದೋ?

ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಂಥ ವಿಶಾಲವಾದ ನೀರಿಗೆ ಮೊದಲ ಸಲ ಗಾಳ ಹಿಡಿದು ಹೋದವರ ಮುಂದೆ ಎರಡು ದಾರಿಗಳಿರುತ್ತವೆ: ಒಂದೇ ಕಡೆ ಹಿಂಡಿ ಹಾಕಿ ಮೀನಿಗಾಗಿ ಕಾದು ಕೂರುವುದು, ಇಲ್ಲವೇ ಕೊಕ್ಕೆಯಿರುವ ರಬ್ಬರ್ ಕಪ್ಪೆಯನ್ನು ಎರೆಯಾಗಿ ಎಸೆಯುತ್ತ ದಡದುದ್ದಕ್ಕೂ ನಡೆಯುವುದು. ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಆಸುಪಾಸಿನಲ್ಲಿ ಎರಡನ್ನೂ ಮಾಡಿ ನೋಡಿದ ಮೇಲೆ, ನಡಿಗೆಯಿಂದಲೇ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಯುವ ಕ್ರಮ ಗೆಂಡೆ ಜಾತಿಯ ಮೀನುಗಳಿಗೆ ಚೆನ್ನಾಗಿ ಒಗ್ಗುತ್ತದೆ. ಕಡಲೆಕಾಯಿ ಹಿಂಡಿಗೆ ಅಕ್ಕಿ ತೌಡು ಬೆರೆಸಿ ಉಂಡೆ ಕಟ್ಟಿ ಎಸೆದ ಮೇಲೆ, ತಳದಲ್ಲಿ ಮೇಯುವ ಮೃಗಾಲ್‌ಗೆ ರಾಗಿ ಹಿಟ್ಟಿನ ಉಂಡೆಯನ್ನು ನೆಲ ಮುಟ್ಟಿಸಬೇಕು. ಬಾಯಿ ಮೇಲ್ಮುಖವಾಗಿರುವ ಕಾಟ್ಲಾಗೆ ಬೆಂಡಿನ ಕೆಳಗೆ ಮೇಲ್ನೀರಿನಲ್ಲೇ ತೂಗುಬಿಡಬೇಕು. ಆದರೆ ನಿಂತ ನೀರಿನಲ್ಲಿ ಹಿಂಡಿಯ ವಾಸನೆ ದೂರ ಹೋಗುವುದಿಲ್ಲವಾದ್ದರಿಂದ, ಮೀನು ಓಡಾಡದ ಜಾಗವನ್ನು ಆರಿಸಿಕೊಂಡರೆ ಇಡೀ ದಿನದ ತಾಳ್ಮೆಯೂ ವ್ಯರ್ಥ.

ನಡಿಗೆ ಕೊಡುವ ಮೊದಲ ಲಾಭ ಮೀನಲ್ಲ, ನೀರಿನ ಪರಿಚಯ. ದಾರದ ತುದಿಗೆ ಬರಿಯ ಸೀಸದ ಗುಂಡು ಕಟ್ಟಿ ದೂರ ಎಸೆದು ನಿಧಾನವಾಗಿ ಎಳೆದರೆ, ಹೂಳಿನಲ್ಲಿ ಅದು ಮೆತ್ತಗೆ ಹಿಡಿದಂತಾಗಿ ಬರುತ್ತದೆ, ಜಲ್ಲಿಯ ಮೇಲೆ ಕೋಲಿನ ಹಿಡಿಯವರೆಗೂ ಕಟಕಟ ಎಂಬ ನಡುಕ ತಲುಪುತ್ತದೆ, ಮುಳುಗಿದ ಗದ್ದೆಯ ಬದು ಸಿಕ್ಕಲ್ಲಿ ಒಮ್ಮೆ ತಡೆದು ಥಟ್ಟನೆ ಸಡಿಲವಾಗುತ್ತದೆ. ಆ ಬದುವಿನ ಅಂಚೇ ನಾನು ಗುರುತು ಮಾಡಿಕೊಳ್ಳುವ ಜಾಗ, ಏಕೆಂದರೆ ಮೀನು ಆಳದಿಂದ ಮೇವಿಗೆ ಬರುವುದು ಇಂಥ ಏರಿಳಿತಗಳನ್ನು ಹಿಡಿದೇ.

ಅಲೆಯುವಾಗ ಜೊಂಡಿನ ನಡುವೆ ಕೊರವ ಮೀನೂ ಸಿಗುತ್ತದೆ; ಗಾಳಿ ಕುಡಿಯಲು ಅದು ಮೇಲೆ ಬರಲೇಬೇಕಾದ್ದರಿಂದ ತನ್ನ ಇರವನ್ನು ತಾನೇ ತೋರಿಸಿಕೊಡುತ್ತದೆ. ಕೆಂಬಣ್ಣದ ಮರಿಗಳ ಹಿಂಡು ನೀರಿನ ಮೇಲೆ ಆಡುತ್ತಿದ್ದರೆ ಮಾತ್ರ ಅಲ್ಲಿ ಕಪ್ಪೆ ಎಸೆಯಬಾರದು. ಕಾವಲಿಗಿರುವ ತಾಯಿತಂದೆ ಖಂಡಿತ ಕಚ್ಚುತ್ತವೆ, ಆದರೆ ಅವುಗಳನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ.

ಬಿಡುವಿರುವವರಿಗೆ ಇವೆರಡಕ್ಕಿಂತ ಮೇಲಾದ ಉಪಾಯವೊಂದಿದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ರಸ್ತೆ, ಬದು, ಹಳ್ಳದ ಪಾತ್ರ ಎಲ್ಲವೂ ಬಯಲಾಗುತ್ತವೆ; ಆಗಲೇ ಹೋಗಿ ಗುರುತು ಮಾಡಿಕೊಳ್ಳಬೇಕು. ಹೋಗಲಾಗದವರು ಗೂಗಲ್ ಅರ್ಥ್‌ನಲ್ಲಿ ಹಿಂದಿನ ಬೇಸಿಗೆಗಳ ಉಪಗ್ರಹ ಚಿತ್ರಗಳನ್ನು ತೆಗೆದು ನೋಡಬಹುದು. ಹೀಗೆ ಗುರುತಿಸಿದ ಹಳ್ಳದ ತಿರುವಿನಲ್ಲಿ, ಗಾಳಿ ದಡದ ಕಡೆಗೆ ಬೀಸುವ ದಿನ ಹಿಂಡಿ ಹಾಕಿ ಕೂತರೆ, ಕಾಯುವ ಕ್ರಮವೇ ನಡಿಗೆಯನ್ನು ಮೀರಿಸುತ್ತದೆ.